ಹೂಂ ಅಂದವರು ಯಾರು

೧

ಒಂದು ಹೊಳೆ. ಹೊಳೆಗೊಬ್ಬ ಅಂಬಿಗ. ದೋಣಿ ಹತ್ತಿದವರನ್ನು ಎಂದೆಂದೂ ಎಣಿಸುವುದಿಲ್ಲ ಎಂದು ಅವನು ಹೊಳೆಗೆ ಮಾತು ಕೊಟ್ಟಿದ್ದನಂತೆ. ಬಹಳ ಹಿಂದೆ, ಹೊಳೆಗೂ ಮಾತು ಬರುತ್ತಿದ್ದ ಕಾಲದಲ್ಲಿ.

ಹೀಗೆ ಶುರು ಮಾಡಲೆ?

ಮಾಡಬಹುದಿತ್ತು. ತೊಂದರೆ ಏನೆಂದರೆ ಈಗ ಬೆಳಗಿನ ಹನ್ನೊಂದು ಗಂಟೆ. ಹಗಲು ಹೊತ್ತು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಇದು ನನ್ನ ಅಜ್ಜಿಯ ಕಾಯಿದೆ. ಈ ಕಥೆಯ ನಾಯಕಿ ಮನೀಷಾಳ ಅಜ್ಜಿ ಕಸ್ತೂರೆವ್ವನ ಕಾಯಿದೆಯೂ ಅದೇ. (ಇಬ್ಬರೂ ಒಬ್ಬರೇನಾ ಎಂದು ಕೇಳಬೇಡಿ. ಇರುವ ಒಬ್ಬ ಅಜ್ಜಿಯನ್ನೇ ಎಲ್ಲ ಕಡೆ ಹೊಂದಿಸಿಕೊಂಡು ಬರೆಯುವವಳು ನಾನು.) ಮುಂಜಾಗ್ರತೆಗೆಂದು ನನ್ನ ಇಬ್ಬರು ಸೋದರಮಾವಂದಿರಿಗೂ ಫೋನ್ ಮಾಡಿ, ಇವತ್ತೊಂದು ದಿನ ಮನೆ ಬಿಟ್ಟು ಹೊರಡಬೇಡಿ ಅಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಆಗಲೇ ನಿಪ್ಪಾಣಿ ರಸ್ತೆಯಲ್ಲಿದ್ದರು.

ಎರಡನೆಯ ಕಾಯಿದೆ ಇನ್ನೂ ಕಠಿಣ. ಕಥೆ ಕೇಳುವವರು ಹೂಂಗುಟ್ಟಬೇಕು.

"ಕಥಿ ಅಂದ್ರ ತೆರದಿಟ್ಟ ಬಾಗಲಾ ಇದ್ದಂಗವ್ವಾ," ಎನ್ನುತ್ತಿದ್ದಳು ಕಸ್ತೂರೆವ್ವ. "ಹೂಂ, ಹೂಂ ಅಂತ ಕಾಯ್ಕೊಂಡು ಕುಂದ್ರಬೇಕು. ನೀ ಅನ್ನಲಿಲ್ಲಂದ್ರ ಬ್ಯಾರೆ ಯಾರರ ಅಂತಾರ."

"ಯಾರ, ಆಯಿ?" ಎಂದು ಪುಟ್ಟ ಮನೀಷಾ ಅಜ್ಜಿಯನ್ನು ಕೇಳುತ್ತಿದ್ದಳು.

"ಯಾರಂತ ಕೇಳಬಾರ್ದು."

ಆದ್ದರಿಂದ, ಓದುಗರೇ, ನಡುನಡುವೆ ಹೂಂ ಅನ್ನುತ್ತಿರಿ. ಬಸ್ಸಿನಲ್ಲಿದ್ದರೆ ಮೆಲ್ಲಗೆ ಅಂದರೂ ನಡೆದೀತು. ಅನ್ನದೆ ಮಾತ್ರ ಇರಬೇಡಿ.

ಒಟ್ಟು ಆರು ಭಾಗ. ಮೊದಲೇ ಎಣಿಸಿ ಇಟ್ಟುಕೊಂಡಿದ್ದೇನೆ.

೨

ಮೊದಲ ಕರಡು ಹೀಗಿತ್ತು: "ಆಗಸ್ಟ್ ತಿಂಗಳ ಕೃಷ್ಣೆ ಹೆಡೆಯೆತ್ತಿದ ನಾಗಿಣಿಯಂತೆ ಭೋರ್ಗರೆಯುತ್ತಿದ್ದಳು."

ಮನೀಷಾ ಇದನ್ನು ಓದಿ ಕೆಂಪು ಪೆನ್ನು ಎತ್ತಿಕೊಂಡಳು. ಅವಳಿಗೆ ಇಪ್ಪತ್ತೇಳು ವರ್ಷ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಉಪಮೆ, ರೂಪಕ, ಸಂಕೇತ, ಧ್ವನಿ ಇವುಗಳ ಸಿಪ್ಪೆ ಸುಲಿದು ಮಕ್ಕಳ ಕೈಗೆ ಕೊಡುವುದು ಅವಳ ಹೊಟ್ಟೆಪಾಡು.

"ಒಂದು, ನಾಗಿಣಿ ಭೋರ್ಗರಿಯೂದಿಲ್ಲ," ಎಂದಳು. "ಎರಡು, ಹೊಳಿ ಏರೂದನ್ನ ನೀವು ನೋಡಿಲ್ಲ. ನಮ್ಮ ಕಡೆ ಹೊಳಿ ಸಪ್ಪಳಾ ಮಾಡೂದಿಲ್ರಿ. ಸಂಜಿಕೆ ಕಬ್ಬಿನ ಬದುವಿನ ಮ್ಯಾಲ ಇರತೈತಿ. ಮುಂಜಾನೆ ಎದ್ದು ನೋಡಿದ್ರ ಬಚ್ಚಲದ ಬಾಗಲದಾಗ ನಿಂತಿರತೈತಿ."

"ಕರೆಯದೆ ಬಂದ ಬೀಗರಂತೆ?" ಎಂದೆ, ಆಸೆಯಿಂದ.

"ಯಾವುದರಂಗೂ ಅಲ್ಲ. ನೀರಿನಂಗ."

ಕರಡು ಹರಿದೆ. ನೇರವಾಗಿ ತರಗತಿಗೆ ಹೋಗೋಣ.

ಅವತ್ತು ಪಾಠ ಉಪಮಾಲಂಕಾರ. ಪೂರ್ಣೋಪಮೆಗೆ ನಾಲ್ಕು ಅಂಗ ಎಂದು ಮನೀಷಾ ಬೋರ್ಡಿನ ಮೇಲೆ ಬರೆದಳು. ಅವ್ವನ ಮೋರೆ ಹುಣ್ಣಿಮೆಯ ಚಂದ್ರನಂತೆ ಬೆಳಗಿತು. ಮೋರೆ ಉಪಮೇಯ, ಚಂದ್ರ ಉಪಮಾನ, ಬೆಳಗುವುದು ಸಮಾನ ಧರ್ಮ, 'ಅಂತೆ' ವಾಚಕ. ನಾಲ್ಕರಲ್ಲಿ ಒಂದು ಕಾಣೆಯಾದರೆ ಅದು ಲುಪ್ತೋಪಮೆ.

ಮುಂದಿನ ಬೆಂಚಿನಲ್ಲಿ ರಾಜಮತಿ ಕೈ ಎತ್ತಿದಳು. ಉಗಾರ ಖುರ್ದದಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಸಂಶಯ ಬಂದರೆ ಕೇಳದೆ ಬಿಡುವವಳಲ್ಲ.

"ಮಿಸ್, ಕಾಣೆಯಾದದ್ದು ಎಲ್ಲಿ ಹೋಗಿರತೈತ್ರಿ?"

"ಎಲ್ಲೂ ಹೋಗಿರೂದಿಲ್ಲ. ಅಲ್ಲೇ ಇರತೈತಿ. ಹೇಳಿರೂದಿಲ್ಲ, ಅಷ್ಟ."

ಹೇಳಿದ ಮೇಲೆ ಮನೀಷಾಳಿಗೆ ತನ್ನ ಮಾತಿಗೆ ತಾನೇ ಬೆಚ್ಚಿದಂತಾಯಿತು. ಪಾಠ ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು. ಖಾಲಿ ಹತ್ತು ನಿಮಿಷ ಯಾವ ಮೇಷ್ಟ್ರಿಗೂ ಒಳ್ಳೆಯದಲ್ಲ. ಸಂಕೇತ ಎಂದರೇನು ಎಂದು ತೋರಿಸಲು ಒಂದು ಕಥೆ ಬೇಕಿತ್ತು. ಬಾಯಿಗೆ ಬಂದದ್ದು ಆಯಿ ಹೇಳುತ್ತಿದ್ದ ಅಂಬಿಗನ ಕಥೆ.

ಅಂಬಿಗ ಯಾರನ್ನೂ ಎಣಿಸುವುದಿಲ್ಲ. ಒಂದು ದಿನ ಅವನ ಅಕ್ಕನ ಮಗಳು ದೋಣಿಯ ಮೂತಿಯಲ್ಲಿ ಕೂತು ಹೊರಟಳು. ಶಾಲೆಗೆ ಹೋಗಿ ಹೊಸದಾಗಿ ಲೆಕ್ಕ ಕಲಿತವಳು. ಜನ ಹತ್ತುವಾಗ ಬೆರಳು ಮಡಚಿದಳು: ಆರು. ಆಚೆ ದಂಡೆಯಲ್ಲಿ ಇಳಿಯುವಾಗ ಮತ್ತೆ ಮಡಚಿದಳು: ಏಳು. ನಡುನೀರಿನಲ್ಲಿ ಯಾರೂ ಹತ್ತಿರಲಿಲ್ಲ.

"ಹೇಳ್ರಿ. ಏಳನೇದವರು ಯಾತರ ಸಂಕೇತ?"

"ಸಾವು ರೀ ಮಿಸ್." "ದೇವರು ರೀ." "ಟಿಕೆಟ್ ತಗಿಸಲಾರದ ಪ್ಯಾಸೆಂಜರ್ ರೀ." ಎಲ್ಲರೂ ನಕ್ಕರು.

ರಾಜಮತಿ ನಗಲಿಲ್ಲ. "ಸಂಕೇತ ಅಲ್ರಿ ಮಿಸ್. ಮಂದಿ ಹತ್ತೂವಾಗ ಅಂಬಿಗ ನೀರಾಗ ನಿಂತು ದೋಣಿ ಹಿಡದಿರತಾನ. ಅಂವನ್ನ ಎಣಿಸಿರೂದಿಲ್ಲ. ಇಳಿಯೂವಾಗ ಎಣಿಸ್ಯಾಳ. ತನ್ನ ಮಾಮಾನ್ನ ತಾನ ಗುರ್ತಾ ಹಿಡದಿಲ್ಲ."

ಆಗ ಹಿಂದಿನಿಂದ ಯಾರೋ ಅಂದರು:

"ಹೂಂ."

ಮನೀಷಾ ತಲೆ ಎತ್ತಿದಳು. ಮಳೆಗಾಲದಲ್ಲಿ ಬಸ್ಸು ತಪ್ಪುವವರೇ ಹೆಚ್ಚು. ಹಿಂದಿನ ಎರಡು ಬೆಂಚು ಖಾಲಿ ಇದ್ದವು. ಆಗಷ್ಟೇ ಅವಳಿಗೆ ಹೊಳೆದದ್ದು: ಹಗಲಲ್ಲಿ ಕಥೆ ಹೇಳಿಬಿಟ್ಟೆ. ಕಿಟಕಿಯ ತುಂಬ ಬೆಳಕಿತ್ತು.

ಮೇಜಿನ ಮೇಲಿದ್ದ ಅವಳ ಫೋನು ನಡುಗತೊಡಗಿತು.

೩

"ಮನೀ, ಇದ್ದಂಗ ಹೊಂಟ ಬಾ," ಎಂದಳು ಅವಳ ಅವ್ವ ಅನುಸೂಯಾ. ಯಡೂರಿನ ಹೊಳೆದಂಡೆಯ ತೋಟದ ಮನೆಯಿಂದ ಮಾತಾಡುತ್ತಿದ್ದಳು. ಕಸ್ತೂರೆವ್ವ ತೀರಿಕೊಂಡಾಗಿನಿಂದ ತಮ್ಮನ ಅನ್ನ ನೀರು ನೋಡಿಕೊಂಡು ಅಲ್ಲೇ ಇದ್ದಾಳೆ. "ನಿಮ್ಮ ಮಾಮಾ ಕೊಪ್ಪರಗಿ ಅಂಗಾತ ಹಾಕ್ಯಾನ. ಬೂದಿ ಹಚ್ಚಿ ತಿಕ್ಕಾಕತ್ತಾನ."

ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ದೊಡ್ಡ ಕಬ್ಬಿಣದ ಕೊಪ್ಪರಿಗೆ ಅದು. ಎಂಟು ಮಂದಿ ಒಳಗೆ ಕೂರುವಷ್ಟು ಅಗಲ. ಹೊಳೆಸಾಲಿನ ಊರುಗಳಲ್ಲಿ ಮಹಾಪೂರ ಬಂದರೆ ಗಾಣದ ಕೊಪ್ಪರಿಗೆಯೇ ದೋಣಿ. ಎರಡು ಸಾವಿರದ ಐದರ ಮಹಾಪೂರದಲ್ಲಿ ಮನೀಷಾಳ ಮಾಮಾ ಈಶ್ವರ ಅದರಲ್ಲಿ ಜನರನ್ನು ದಾಟಿಸಿದ್ದ. ಆಮೇಲೆ ಅದನ್ನು ಬೋರಲು ಹಾಕಿದ. ಇಪ್ಪತ್ತು ವರ್ಷ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ.

"ನೀರು ಎಲ್ಲಿಗೆ ಬಂದೈತಿ ಯವ್ವಾ?"

"ಕೊಯ್ನಾ ಡ್ಯಾಮಿನಿಂದ ನೀರು ಬಿಟ್ಟಾರಂತ. ಬ್ರಿಜ್ ಮುಳಗೈತಿ. ನಮ್ಮ ಬಾಂವಿ ಕಾಣವಲ್ದು."

"ಎಲ್ಲಿ ಹೊಂಟಿ ಅಂತ ಮಾಮಾನ್ನ ಕೇಳಿದಿ?"

"ಕೇಳಿದ್ನಿ."

"ಏನಂದ?"

"ಏನಂತಾನ? ಹೂಂ ಅಂದ."

ಈಶ್ವರ ಇಪ್ಪತ್ತು ವರ್ಷಗಳಿಂದ ಅದೊಂದನ್ನೇ ಅನ್ನುತ್ತಾನೆ. ಉಂಡಿಯಾ? ಹೂಂ. ಎಮ್ಮೆ ಈಯಿತಾ? ಹೂಂ. ಕಬ್ಬಿಗೆ ನೀರು ಹಾಯಿಸಿದೆಯಾ? ಹೂಂ. "ಈಶ್ವರಣ್ಣನ ಮದಿವಿ ಮಾಡೂದು ಬಾಳ ಸಸಾರ," ಎಂದು ಊರವರು ಚಾಷ್ಟಿ ಮಾಡುತ್ತಿದ್ದರು, "ಎಂಥಾ ಹೆಣ್ಣು ತೋರಿಸಿದ್ರೂ ಹೂಂ ಅಂತಾನ." ಕೆಲಸದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ನಾಲ್ಕು ಎಕರೆ ಕಬ್ಬನ್ನು ಒಬ್ಬನೇ ಸಂಭಾಳಿಸುತ್ತಾನೆ. ಹೊಳೆಗೆ ಬೆನ್ನು ಮಾಡಿ ಉಣ್ಣುತ್ತಾನೆ.

(ಇಲ್ಲಿ ಮುನ್ಸೂಚನೆ ಎಂಬ ತಂತ್ರ ಬಳಸಿದ್ದೇನೆ, ಗಮನಿಸಿ. "ನಮ್ಮ ಮಾಮಾ ತಂತ್ರ ಅಲ್ರಿ," ಎಂದಳು ಮನೀಷಾ, ಸೀರೆಯ ನೆರಿಗೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಾ. ಸರಿ, ಅಲ್ಲ.)

ಅವಳಿಗೆ ನೆನಪಿರುವುದು ಇಷ್ಟು. ಆಗ ಏಳು ವರ್ಷ. ಹೊರಗೆ ಮಹಾಪೂರ. ಬೇಸರಕ್ಕೆ ಕಥೆ ಹೇಳು ಎಂದು ಹಟ ಹಿಡಿದಳು. ಹಗಲಾಗ ಬ್ಯಾಡ ಎಂದಳು ಆಯಿ. ಅತ್ತಳು, ಆಯಿಯ ಸೆರಗು ಎಳೆದಳು. ಕಡೆಗೆ ಆಯಿ ಅಂಬಿಗನ ಕಥೆ ಹೇಳಿದಳು. ಏಳು ಎಂದಾಗ ಹುಡುಗಿಯ ಬಾಯಿ ಒಣಗಿ, ಹೂಂ ಅನ್ನಲು ಮರೆತಳು. ಅವಳ ಬೆನ್ನ ಹಿಂದಿನಿಂದ ಬೇರೆ ಯಾರೋ ಹೂಂ ಅಂದರು. ಆಯಿಯ ಮುಖ ಬಿಳಿಚಿಕೊಂಡಿತು. ಕಥೆ ಅಲ್ಲಿಗೇ ನಿಂತಿತು. ಮಾಮಾ ಎರಡು ದಿನ ಕಾಣೆಯಾದ. ಬಂದಾಗ ಅವನ ಹತ್ತಿರ ಒಂದೇ ಮಾತು ಉಳಿದಿತ್ತು.

ಹಗಲಲ್ಲಿ ಕಥೆ ಹೇಳಿಸಿದವಳು ನಾನು, ಎಂದುಕೊಳ್ಳುತ್ತಾಳೆ ಮನೀಷಾ. ಹೂಂ ಅನ್ನದವಳು ನಾನು. ನನ್ನ ಬದಲಿಗೆ ಹೂಂ ಅಂದದ್ದು ಯಾವುದೋ, ಅದು ಮಾಮಾನ ಮಾತನ್ನೆಲ್ಲ ಒಯ್ದು ತನ್ನದನ್ನು ಅವನ ಬಾಯಿಯಲ್ಲಿ ಬಿಟ್ಟಿತು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಅಲಂಕಾರಶಾಸ್ತ್ರ ಓದಿದ್ದೂ ಅದಕ್ಕೇ. ಪ್ರತಿಯೊಂದು ಭಯಕ್ಕೂ ಪುಸ್ತಕದಲ್ಲಿ ಒಂದು ಹೆಸರಿತ್ತು, ಒಂದು ಲಕ್ಷಣವಿತ್ತು, ಐದು ಅಂಕದ ಪ್ರಶ್ನೆಯಿತ್ತು. ಹೆಸರಿಟ್ಟರೆ ಹಲ್ಲು ಉದುರುತ್ತದೆ ಎಂದುಕೊಂಡಿದ್ದಳು.

ಹೋದ ಜನವರಿಯಲ್ಲಿ ಕಸ್ತೂರೆವ್ವ ಕೊನೆಯ ಹಾಸಿಗೆಯಲ್ಲಿ ಅವಳ ಮಣಿಕಟ್ಟು ಹಿಡಿದಳು.

"ಅಂಬಿಗನ ಕಥಿ ಅರ್ಧಾ ಉಳದೈತಿ. ನೀ ಮುಗಸು. ಹಗಲಾಗ ಮುಗಸು, ನಿಮ್ಮ ಮಾಮಾನ ಮುಂದ ಕುಂತು."

"ಕಡೀಕೆ ಏನಾಗತೈತಿ ಆಯಿ?"

"ಅದು ಗೊತ್ತಿದ್ರ ನಾನ ಮುಗಸ್ತಿದ್ದಿಲ್ಲೇನ ಹುಚ್ಚಿ? ಮುಗಸ್ತೀನಿ ಅನ್ನು."

ಮನೀಷಾ ಹೂಂ ಅಂದಿದ್ದಳು. ಏಳು ತಿಂಗಳಾಯಿತು. ತೋಟಕ್ಕೆ ಹೋದಾಗಲೆಲ್ಲ ಬಾಯಿ ತೆರೆದಿದ್ದಳು, ಚಹಾ ಕುಡಿಯುತ್ತೀಯಾ ಮಾಮಾ ಎಂದು ಕೇಳಿ ಮುಚ್ಚಿದ್ದಳು. ಕಥೆ ಮುಗಿದರೆ ಹೂಂ ಅನ್ನುವವನಿಗೆ ಕೂತಿರಲು ಕಾರಣವೇನು ಉಳಿಯುತ್ತದೆ?

೪

ಬಸ್ಸಿನಲ್ಲಿ.

"ಅಂಕಲಿ ತನಕ ಗ್ಯಾರಂಟಿ. ಮುಂದಿಂದು ಹೊಳಿ ಹೇಳಿದಂಗ ಮ್ಯಾಡಮ್," ಎಂದ ಕಂಡಕ್ಟರ್.

ಮನೀಷಾ ಚೀಲದಿಂದ ಯಾರದೋ ಉತ್ತರಪತ್ರಿಕೆ ತೆಗೆದು, ಅದರ ಬೆನ್ನಿನ ಮೇಲೆ ಮುಕ್ತಾಯಗಳನ್ನು ಬರೆಯತೊಡಗಿದಳು. ತೋಟ ಮುಟ್ಟುವಷ್ಟರಲ್ಲಿ ಒಂದಾದರೂ ಕೈಯಲ್ಲಿರಬೇಕು.

(ಅ) ಏಳನೆಯವನು ಯಮ. ಕಥೆಯಲ್ಲಿ ಸಾವಿಗೆ ಮನುಷ್ಯರೂಪ ಕೊಡುವುದು ಹಳೆಯ ಪದ್ಧತಿ. ಆದರೆ ಯಮನಿಗೆ ದೋಣಿ ಯಾಕೆ ಬೇಕು? ಕೋಣವಿದೆ. ಕೋಣ ಚೆನ್ನಾಗಿ ಈಜುತ್ತದೆ. ಹೊಡೆದು ಹಾಕಿದಳು.

(ಆ) ಏಳನೆಯವಳು ಹೊಳೆಯೇ. ಹೆಣ್ಣಿನ ರೂಪದಲ್ಲಿ ಬಂದು ಕೂತಿದ್ದಾಳೆ, ಸೀರೆಯ ಅಂಚಿನಿಂದ ನೀರು ಸೋರುತ್ತಿದೆ. ಚೆಂದವಿದೆ. ಆದರೆ ಹೊಳೆ ದೋಣಿಯ ಒಳಗಿದ್ದರೆ ದೋಣಿಯ ಕೆಳಗೆ ಏನಿದೆ? ಇದನ್ನೂ ಹೊಡೆದು ಹಾಕಿದಳು.

(ಇ) ರಾಜಮತಿಯ ಮುಕ್ತಾಯ. ಏಳನೆಯವನು ಅಂಬಿಗನೇ. ಲೆಕ್ಕ ಸರಿಹೋಗುತ್ತದೆ. ಲೆಕ್ಕ ಸರಿಹೋದರೆ ಆಯಿಯ ಮುಖ ಯಾಕೆ ಬಿಳಿಚಿತು?

(ಈ) "ಎಲ್ಲವೂ ಕನಸಾಗಿತ್ತು ಅಂತ ಮಾಡಿದರೆ?" ಎಂದು ನಾನು ಸಲಹೆ ಕೊಟ್ಟೆ.

"ಇಳೀರಿ ಬಸ್ಸಿನಿಂದ," ಎಂದಳು ಮನೀಷಾ. ಆಮೇಲೆ ದನಿ ತಗ್ಗಿಸಿದಳು. "ಒಂದು ಕೇಳಲಾ? ನೀವು ಬರಿಯಾಕಿ. ನಾ ಮುಟ್ಟೂತನಕ ಮಾಮಾ ನೀರಿಗೆ ಇಳಿಯಲಿಲ್ಲ ಅಂತ ಒಂದು ಸಾಲು ಬರದ ಬಿಡ್ರಿ. ನಿಮಗೇನ ಕಷ್ಟ?"

ಬರೆಯಬಹುದು. ಕಷ್ಟವೇನೂ ಇಲ್ಲ. ಆದರೆ ಹೊಳೆ ನಾನು ಬರೆದದ್ದನ್ನು ಓದುವುದಿಲ್ಲ. ಇದೇ ಭಾಗದಲ್ಲಿ "ಬಸ್ಸು ಗಾಳಿಯ ಹಾಗೆ ಓಡಿತು" ಎಂದು ಬರೆದು ನೋಡಿದೆ. ಬಸ್ಸು ಅಂಕಲಿಯಲ್ಲಿ ಹದಿನೈದು ನಿಮಿಷ ನಿಂತಿತು, ಡ್ರೈವರ್ ಮಿರ್ಚಿ ತಿಂದ.

ಅಷ್ಟು ಹೊತ್ತು ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಕಬ್ಬಿನ ಸಾಲುಗಳ ನಡುವೆ ನೀರು ಬಂದು ನಿಂತಿತ್ತು. ಹರಿಯುತ್ತಿರಲಿಲ್ಲ. ಕಬ್ಬಿನ ತಲೆಗಳು ಮಾತ್ರ ಮೇಲೆ, ಒಂದು, ಎರಡು, ಮೂರು... ಎಣಿಸುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಕಣ್ಣು ಮುಚ್ಚಿಕೊಂಡಳು.

.

ಈ ಭಾಗ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅದಕ್ಕೇ ಅಂಕಿ ಹಾಕಿಲ್ಲ. ಅನುಸೂಯಾಳನ್ನು ನಾನು ಬರೀ ಫೋನ್ ಮಾಡುವುದಕ್ಕೆಂದು ಇಟ್ಟುಕೊಂಡಿದ್ದೆ. ಅವಳು ಹೀಗೆ ಹಿತ್ತಲ ಬಾಗಿಲಲ್ಲಿ ನಿಂತು ಬಾಯಿ ಬಿಡುತ್ತಾಳೆ ಎಂದು ಗೊತ್ತಿರಲಿ–

"ನೀವು ಸುಮ್ನಿರ್ರಿ ಸ್ವಲ್ಪ," ಎಂದಳು ಅನುಸೂಯಾ, ನನಗೇ. ಮಗಳ ಕಡೆ ತಿರುಗಿದಳು. ಮನೀಷಾ ಮೊಣಕಾಲಿನವರೆಗೆ ಕೆಸರಾಗಿ, ಏದುಸಿರು ಬಿಡುತ್ತಾ ನಿಂತಿದ್ದಳು.

"ಯವ್ವಾ, ತಪ್ಪು ನಂದ. ಇವತ್ತ ಹಗಲಾಗ ಆ ಅಂಬಿಗನ ಕಥಿ ಹೇಳಿದೆ. ಆವಾಗೂ ನಾನ ಹೇಳಿಸಿದ್ದೆ. ಮಹಾಪೂರದಾಗ. ಅದಕ್ಕ ಮಾಮಾ ದಾರಿ ತಪ್ಪಿದ."

"ಏನಂತಿ? ಯಾವಾಗ ಹೇಳಿಸಿದಿ?"

"ಮಾಮಾ ಕಾಣೆ ಆಗೂಕಿಂತ ಮೊದಲ."

"ಮೊದಲ?" ಅನುಸೂಯಾ ಮಗಳ ಮುಖವನ್ನೇ ನೋಡಿದಳು. "ಆಯಿ ಆ ಕಥಿ ಮೊದಲ ಯಾವತ್ತ ಹೇಳಿದ್ಲು? ಮಾಮಾ ತಿರಗಿ ಬಂದ ಮೂರನೇ ದಿನಕ್ಕ ಹೇಳಿದ್ದಲ್ಲೇನ, ಸಾಲ್ಯಾಗ! ಊರೆಲ್ಲಾ ಗಂಜಿ ಕೇಂದ್ರದಾಗ ಇದ್ವಿ. ನೀ ಆಯಿ ಮುಂದ ಕುಂತಿದ್ದಿ. ಅಂವ ನಿನ್ನ ಬೆನ್ನ ಹಿಂದ, ಗ್ವಾಡಿಗೆ ಆತು ಕುಂತಿದ್ದ. ಬಂದಾಗಿಂದ ತುಟಿ ಪಿಟಕ್ ಅಂದಿದ್ದಿಲ್ಲ. ನೀ ಹೂಂ ಅನ್ನೂದು ಮರತಿ. ಅಂವ ಅಂದ. ಅದ ಮೊದಲನೇ ಮಾತು."

ಮನೀಷಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಪ್ಪತ್ತು ವರ್ಷ ಅವಳು ಹೊತ್ತುಕೊಂಡು ತಿರುಗಿದ ಕಥೆಯಲ್ಲಿ ಮೊದಲನೆಯದು ಎರಡನೆಯದಾಗಿ, ಎರಡನೆಯದು ಮೊದಲನೆಯದಾಗಿ ಕೂತಿತ್ತು.

"ಆದ್ರ ಆಯಿ ಹಗಲಾಗ ಹೇಳಾಕಿ ಅಲ್ಲ..."

"ಅಲ್ಲ. ಆವತ್ತ ಹೇಳಿದ್ಲು. ಮಗಾ ದಾರಿ ತಪ್ಪಿದ್ದ. ದಾರಿ ತಪ್ಪಿಸೂ ಕಥಿ ತಿರಗಿ ಕರಕೊಂಡೂ ಬರತೈತೇನೋ ಅಂತ ನೋಡಿದ್ಲು ಮುದಕಿ."

"ಎರಡು ದಿನ ಅಂವ ಎಲ್ಲಿದ್ದ?"

ಅನುಸೂಯಾ ಹೊಳೆಯ ಕಡೆ ನೋಡಿದಳು. ತೋಟದ ಅಂಚಿನಲ್ಲಿ ಈಶ್ವರ ಕೊಪ್ಪರಿಗೆಗೆ ಹಗ್ಗ ಕಟ್ಟುತ್ತಿದ್ದ.

"ಹುಡುಕಾಕತ್ತಿದ್ದ. ಕೊಪ್ಪರಗ್ಯಾಗ ಆರು ಮಂದಿ ಹತ್ತಿದ್ರಂತ. ದಂಡಿಗೆ ಐದು ಮಂದಿ ಇಳದ್ರು. ಹತ್ತಿದವರಾಗ ಒಬ್ಬಾಕಿ ಹೆಣಮಗಳು, ಯಾವುದೋ ಮನಿ ಮ್ಯಾಳಗಿ ಮ್ಯಾಲ ಒಬ್ಬಾಕೀನ ಕುಂತಿದ್ಲಂತ. ಯಾರ ಪೈಕಿ ಯಾರಿಗೂ ಗೊತ್ತಿಲ್ಲ. ಇಳದವರನ್ನ ಕೇಳಿದ್ರ ಇಬ್ಬರು ಇದ್ಲು ಅಂದ್ರು, ಮೂರು ಮಂದಿ ಅಂಥಾಕಿ ಯಾರೂ ಇದ್ದಿಲ್ಲ ಅಂದ್ರು. ಯಾರೂ ಅಕೀನ್ನ ಕೇಳ್ಕೊಂಡು ಬರಲಿಲ್ಲ. ಸತ್ತವರ ಯಾದಿ, ಕಳದವರ ಯಾದಿ, ಯಾವ ಪಟ್ಟಿಯಾಗೂ ಹೆಸರಿಲ್ಲ. ನಿಮ್ಮ ಮಾಮಾನ ಎದಿಯಾಗ ಅಷ್ಟ ಅದಾಳ. ಇವತ್ತ ಮತ್ತ ಅಕೀನ್ನ ಹುಡುಕಾಕ ಹೊಂಟಿರಬೇಕು."

ಕಡಿಮೆಯಾದವಳನ್ನು ಆಯಿ ಹೆಚ್ಚು ಮಾಡಿ ಹೇಳಿದ್ದಳು. ಐದನ್ನು ಐದು ಎನ್ನಲಾಗದೆ ಏಳು ಎಂದಿದ್ದಳು. ಇದಕ್ಕೂ ಅಲಂಕಾರಶಾಸ್ತ್ರದಲ್ಲಿ ಹೆಸರಿರಬೇಕು. ಮನೀಷಾ ಹುಡುಕಿದಳು. ಎಂಟು ವರ್ಷ ಓದಿದ್ದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಇನ್ನೊಂದು ಭಯ ಮೆಲ್ಲಗೆ ಮೇಲೆ ಬಂತು, ಬಚ್ಚಲಿನ ನೀರಿನ ಹಾಗೆ. ಅವತ್ತು ಹೂಂ ಅಂದವನು ಮಾಮಾ. ಸರಿ. ಹಾಗಾದರೆ ಇವತ್ತು ಮುಂಜಾನೆ ತರಗತಿಯಲ್ಲಿ ಅಂದದ್ದು?

೫

ಈಶ್ವರ ಕೊಪ್ಪರಿಗೆಯನ್ನು ನೀರಿನ ಅಂಚಿಗೆ ತಂದಿದ್ದ. ಐವತ್ತು ದಾಟಿದ ಗಟ್ಟಿ ಆಳು, ಧೋತರ ಮೇಲೆ ಕಟ್ಟಿದ್ದ, ಪಕ್ಕದಲ್ಲಿ ಉದ್ದ ಬಿದಿರು ಕೋಲು. ಬೂದಿಯಲ್ಲಿ ತಿಕ್ಕಿದ ಕಬ್ಬಿಣ ಮೋಡದ ಬೆಳಕಿನಲ್ಲಿ ಹೊಳೆಯುತ್ತಿತ್ತು.

"ಮಾಮಾ, ಎಲ್ಲಿ ಹೊಂಟಿ?"

"ಹೂಂ."

"ಹೊಳಿ ತುಂಬೈತಿ ಮಾಮಾ."

"ಹೂಂ."

ಅವನು ಅಂಚಿಗೆ ಭುಜ ಕೊಟ್ಟು ನೂಕಿದ. ಕೊಪ್ಪರಿಗೆ ಕೆಸರಿನಲ್ಲಿ ಒಂದು ಮೊಳ ಜಾರಿತು.

ಇಲ್ಲಿ ಮನೀಷಾ ಏನು ಮಾಡಬೇಕೆಂದು ನಾನು ಮೂರು ಥರ ಬರೆದೆ. ಒಂದರಲ್ಲಿ ಕಾಲು ಹಿಡಿದು ಅತ್ತಳು, ಒಂದರಲ್ಲಿ ಊರವರನ್ನು ಕೂಗಿದಳು, ಇನ್ನೊಂದರಲ್ಲಿ ಹಗ್ಗ ಕೊಯ್ದಳು. ಅವಳು ಮೂರನ್ನೂ ಓದದೆ, ಸೀರೆ ಎತ್ತಿ ಕಟ್ಟಿ, ಕೊಪ್ಪರಿಗೆಯ ಒಳಗೆ ಹತ್ತಿ ಕೂತಳು.

"ಮನೀ!" ದೂರದಿಂದ ಅನುಸೂಯಾ ಚೀರಿದಳು. "ಇಳೀ ಕೆಳಗ! ಭಾಡ್ಯಾ, ಅಕೀನ್ನ ಇಳಸೋ!"

ಈಶ್ವರ ನೂಕುವುದನ್ನು ನಿಲ್ಲಿಸಿದ. ತಂಗಾಳಿಗೆ ನೀರು ಬಂದು ಕೊಪ್ಪರಿಗೆಯ ತಳಕ್ಕೆ ತಗುಲಿ, ಟಣ್ ಎಂದು ಸಣ್ಣ ಸಪ್ಪಳವಾಯಿತು. ಮನೀಷಾ ಶುರು ಮಾಡಿದಳು.

"ಒಂದು ಹೊಳಿ ಇತ್ತು ಮಾಮಾ."

"ಹೂಂ."

"ಹೊಳಿಗೊಬ್ಬ ಅಂಬಿಗ ಇದ್ದ. ಮಂದೀನ್ನ ಎಣಿಸೂದಿಲ್ಲ ಅಂತ ಹೊಳಿಗೆ ಮಾತು ಕೊಟ್ಟಿದ್ದ."

"ಹೂಂ."

"ಅಂವಗ ಒಬ್ಬಾಕಿ ಅಕ್ಕನ ಮಗಳು. ಬಾಳ ಶಾಣ್ಯಾಕಿ ಅಂತ ತಿಳಕೊಂಡಿದ್ಲು. ಎಲ್ಲಾದಕ್ಕೂ ಹೆಸರು ಇಡತಿದ್ಲು."

ಇದು ಆಯಿಯ ಕಥೆಯಲ್ಲಿ ಇರಲಿಲ್ಲ. ಈಶ್ವರನ ಹುಬ್ಬು ಒಂದಿಷ್ಟು ಎದ್ದಿತು. "ಹೂಂ."

"ಹತ್ತೂವಾಗ ಎಣಿಸಿದ್ಲು, ಆರು. ಇಳಿಯೂವಾಗ ಎಣಿಸಿದ್ಲು." ಅವಳು ಬೆರಳು ಮಡಚಿದಳು. "ಏಳು."

ಮಾಮಾ ಹೂಂ ಅನ್ನಲಿಲ್ಲ. ಬಿದಿರು ಕೋಲನ್ನು ಕೈಗೆತ್ತಿಕೊಂಡ. ಕಸ್ತೂರೆವ್ವನ ಕಥೆ ಇಲ್ಲಿಯವರೆಗೆ ಮಾತ್ರ. ಮುಂದೆ ದಾರಿಯಿಲ್ಲ.

ಮನೀಷಾ ನನ್ನ ಕಡೆ ನೋಡಿದಳು. "ಮುಂದ ಹೇಳ್ರಿ."

ನನಗೆ ಗೊತ್ತಿಲ್ಲ, ಎಂದೆ.

"ಬರಿಯಾಕಿ ನೀವಲ್ಲೇನ್ರಿ?"

ಹೌದು. ಗೊತ್ತಿಲ್ಲ. ನನಗೆ ಹೆದರಿಕೆ ಆಗುತ್ತಿದೆ. ನೀನೇ ಹೇಳು.

ಟಣ್ ಎಂದಿತು ಕೊಪ್ಪರಿಗೆ. ಈ ಸಲ ಇನ್ನೊಂದು ಮಗ್ಗುಲಿಗೆ.

ಅವಳು ಕಣ್ಣು ಮುಚ್ಚಿದಳು. ಉಪಮಾನ ಸಿಗಲಿಲ್ಲ. ರೂಪಕ ಸಿಗಲಿಲ್ಲ. ಸುಮ್ಮನೆ ಬಾಯಿ ತೆರೆದಳು.

"ಅಂಬಿಗ ಗದಗದ ನಡಗಾಕತ್ತಿದ. ಎಣಿಸಬ್ಯಾಡ, ಎಣಿಸಬ್ಯಾಡ ಅಂದ. ಆ ಹುಡುಗಿ ಏಳನೇದಾಕಿ ಮಾರಿ ನೋಡಿದ್ಲು. ಗುರ್ತಾ ಇಲ್ಲದ ಮಾರಿ. ನೀ ಯಾರ, ಯಾರ ಪೈಕಿ ಅಂತ ಕೇಳಲಿಲ್ಲ. ಹೆಸರೂ ಇಡಲಿಲ್ಲ. ಕುಂತಿದ್ದ ಆರೂ ಮಂದಿಗೆ ಅಂದ್ಲು, ಸರೀರಿ ಒಂದೀಟ, ಇವರೂ ತೊಯ್ದು ಬಂದಾರ, ಜಾಗಾ ಕೊಡ್ರಿ ಅಂದ್ಲು. ಅವರು ಸರದ್ರು. ದೋಣಿ ಮುಳಗಲಿಲ್ಲ. ಮಾಮಾನ ಕಡೆ ತಿರಗಿ ಅಂದ್ಲು, ಮಾಮಾ, ಹೊಳ್ಯಾಗ ಹುಡುಕಬ್ಯಾಡ. ಬಂದು ಕುಂತಾಳ. ನೀನ ಕರಕೊಂಡು ಬಂದೀದಿ. ಆವತ್ತಿಂದ ಅಂಬಿಗ ದೋಣ್ಯಾಗ ಒಂದು ಜಾಗಾ ಯಾವಾಗಲೂ ಖಾಲಿ ಬಿಡತಿದ್ದ."

ಉಸಿರು ತೆಗೆದುಕೊಂಡಳು.

"ಕಥಿ ಮುಗೀತು ಮಾಮಾ. ಆಯಿ ಮುಗಸು ಅಂದಿದ್ಲು. ಮುಗಸೇನಿ."

೬

ಅವನು ಹೂಂ ಅನ್ನಲಿಲ್ಲ.

ಬಹಳ ಹೊತ್ತು ಹೊಳೆಯನ್ನು ನೋಡಿದ. ಇಪ್ಪತ್ತು ವರ್ಷದಲ್ಲಿ ಅವನು ಹೊಳೆಯ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ಬಿದಿರು ಕೋಲನ್ನು ಹಿಂದೆ, ಕಬ್ಬಿನ ಕಡೆಗೆ ಎಸೆದ. ಹಗ್ಗವನ್ನು ದಂಡೆಯ ಬೇವಿನ ಬುಡಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕಿದ. ಎಳೆದು ನೋಡಿ, ಇನ್ನೊಂದು ಗಂಟು ಹಾಕಿದ. ಅವನು ಇವತ್ತು ಎಲ್ಲಿಗೂ ಹೋಗುವುದಿಲ್ಲ.

(ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆ. ಐದು ಅಂಕಕ್ಕೆ ನಾಲ್ಕೂವರೆ ಸಿಗುತ್ತದೆ. ನನಗೂ ನಿಲ್ಲಿಸಬೇಕೆಂದೇ ಇತ್ತು.)

ಆಮೇಲೆ ಅವನು ಕೊಪ್ಪರಿಗೆಯೊಳಗೆ ಹತ್ತಿ, ಮನೀಷಾಳ ಎದುರಿಗೆ ಕೂತ. ಧೋತರದ ಅಂಚು ಎಳೆದು ತೊಡೆಯ ಕೆಳಗೆ ಸೇರಿಸಿಕೊಂಡ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಬಂದು ನಿಂತಾಗ ಮರ್ಯಾದಸ್ಥರು ಸರಿಯುತ್ತಾರಲ್ಲ, ಹಾಗೆ ಒಂದು ಗೇಣು ಪಕ್ಕಕ್ಕೆ ಸರಿದ.

ಪಕ್ಕದಲ್ಲಿ ಒಂದು ಜಾಗ ಖಾಲಿಯಾಯಿತು. ಬೂದಿಯಲ್ಲಿ ತಿಕ್ಕಿದ ಕಬ್ಬಿಣ ಅಲ್ಲಿ ಒದ್ದೆಯಾಗಿತ್ತು.

ಮಳೆ ಇರಲಿಲ್ಲ ಆಗ.

"ಹೂಂ."

ಮಾಮಾನ ತುಟಿ ಮುಚ್ಚಿತ್ತು, ಮನೀಷಾ ಅದನ್ನೇ ನೋಡುತ್ತಿದ್ದಳು. ಅವಳ ಎರಡೂ ಕೈ ಬಾಯಿಯ ಮೇಲಿದ್ದವು. ಅನುಸೂಯಾ ಇನ್ನೂ ಹಿತ್ತಲ ಬಾಗಿಲಲ್ಲಿದ್ದಳು, ಅಲ್ಲಿಂದ ಅಷ್ಟು ಮೆಲ್ಲಗೆ ಅಂದರೆ ಕೇಳಿಸುವುದಿಲ್ಲ. ಅದನ್ನು ನಾನೂ ಬರೆದಿಲ್ಲ. ಮೇಲಿನ ಸಾಲಿನಲ್ಲಿ ಅದು ಇದೆ, ನೋಡಿದೆ. ಬರೆದ ನೆನಪಿಲ್ಲ.

"ಯಾರ್ರಿ ಅಂದದ್ದು?" ಎಂದು ಮನೀಷಾ ಬೆರಳ ಸಂದಿಯಿಂದ ನನ್ನನ್ನು ಕೇಳುತ್ತಿದ್ದಾಳೆ.

ನಾನು ನಿಮ್ಮನ್ನು ಕೇಳುತ್ತಿದ್ದೇನೆ. ನೀವು ಅಂದಿರಾ? ಮೊದಲೇ ಹೇಳಿಟ್ಟಿದ್ದೆನಲ್ಲ, ನಡುನಡುವೆ ಅನ್ನುತ್ತಿರಿ ಎಂದು. ನೀವೇ ಅಂದಿದ್ದರೆ ಒಳ್ಳೆಯದು, ನಾವೆಲ್ಲರೂ ಮನೆಗೆ ಹೋಗಬಹುದು. ಅಂದಿಲ್ಲವಾದರೆ ಹೇಳಬೇಡಿ. ನಿಪ್ಪಾಣಿ ರಸ್ತೆಯಲ್ಲಿದ್ದ ನನ್ನ ಸೋದರಮಾವ ಇನ್ನೂ ಫೋನ್ ಎತ್ತಿಲ್ಲ.

ಮನೀಷಾ ಆಯಿಗೆ ಕೊಟ್ಟ ಮಾತು ಉಳಿಯಿತು, ಕಥೆ ಹೇಳಿ ಆಯಿತು. ಆರು ಭಾಗ ಎಂದಿದ್ದೆ. ಎಷ್ಟಾಯಿತು ಎಂದು ನಾನು ಎಣಿಸುವುದಿಲ್ಲ. ನೀವೂ ಎಣಿಸಬೇಡಿ.

ಸುಮ್ಮನೆ, ಕೂತಲ್ಲೇ, ಒಂದಿಷ್ಟು ಸರಿದುಕೊಳ್ಳಿ.